ಎಡೆಯ ಮುಂದೆ ಕೂತ ಈಜಿಪ್ಟಿನ ಹೆಂಗಸು

ನಮ್ಮ ಸೀಮೆಯಲ್ಲಿ ಎಣ್ಣೆ ಹತ್ತದ ಕೈ ಹುಡುಕುವುದೆಂದರೆ ಸಾವಿಲ್ಲದ ಮನೆಯ ಸಾಸಿವೆ ಹುಡುಕಿದ ಹಾಗೆ. ತಿಪಟೂರಿನ ಸುತ್ತಮುತ್ತ ಮನೆಯ ಬಾಗಿಲ ಚಿಲಕ, ಬಸ್ಸಿನ ಕಂಬಿ, ಮಕ್ಕಳ ಪಾಟಿ, ಎಲ್ಲಕ್ಕೂ ಕೊಬ್ಬರಿಯ ಜಿಡ್ಡು ಇದ್ದೇ ಇರುತ್ತದೆ. ಹುಟ್ಟಿದಾಗಿನಿಂದ ಅದರಲ್ಲೇ ಬೆಳೆದ ನಮಗೆ ಅದು ಜಿಡ್ಡು ಅನ್ನಿಸುವುದೂ ಇಲ್ಲ. ಆದರೆ ಬೇರೆ ಊರಿನಿಂದ ಬಂದು ನಮ್ಮ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ಮೇಷ್ಟ್ರಿಗೆ ಅದು ಜನ್ಮಶತ್ರುವಾಗಿತ್ತು. ಅದಕ್ಕೆ ಕಾರಣ ಅವರ ಪುಸ್ತಕಗಳು.

ಮದುವೆ ಮಾಡಿಕೊಳ್ಳದ ಮನುಷ್ಯ. ಸಂಬಳ ಬಂತೆಂದರೆ ಬೆಂಗಳೂರಿನ ರೈಲು ಹತ್ತಿ, ಹಳೆಯ ಪುಸ್ತಕದ ಅಂಗಡಿಗಳ ಧೂಳನ್ನೆಲ್ಲ ಕುಡಿದು ಬರುತ್ತಿದ್ದರು. ತಂದದ್ದೆಲ್ಲ ಪ್ರಾಚೀನ ಈಜಿಪ್ಟಿನ ಮೇಲಿನ ಪುಸ್ತಕಗಳೇ. ಸಮಾಧಿಯ ಚಿತ್ರಗಳು, ಶಿಲ್ಪಗಳು, ಅಗೆದು ನೋಡಿದವರ ವರದಿಗಳು. ತೆಂಗಿನ ತೋಟದ ಮಧ್ಯೆ ಕೂತು ಮರಳುಗಾಡಿಗೆ ಮನಸೋತವರು ಎಂದು ಕಾಲೇಜಿನಲ್ಲಿ ಎಲ್ಲರೂ ನಗುತ್ತಿದ್ದರು. ನಾನೂ ಮೊದಮೊದಲು ನಕ್ಕಿದ್ದೆ. ಒಂದು ದಿನ ಅವರು ಹಳೆಯ ಪಂಚೆಯಲ್ಲಿ ಸುತ್ತಿ ಒಂದು ಪುಸ್ತಕವನ್ನು ತರಗತಿಗೆ ತಂದು ಮೇಜಿನ ಮೇಲೆ ಬಿಚ್ಚಿದರು. ಅದಾದ ಮೇಲೆ ನನ್ನ ನಗು ನಿಂತಿತು.

ಊಟದ ಮಣೆಗಿಂತ ಅಗಲವಾದ ಪುಸ್ತಕ. ಒಂದೊಂದು ಬಣ್ಣದ ಚಿತ್ರದ ಮೇಲೂ ಈರುಳ್ಳಿ ಸಿಪ್ಪೆಯಂಥ ತೆಳು ಕಾಗದದ ಮುಸುಕು. ಮುಸುಕು ಎತ್ತಿದರೆ ಒಳಗೆ ನೀಲಿ, ಹೊನ್ನು, ಕಾವಿ. ಇನ್ನೊಂದು ಪುಟವನ್ನು ಬಿಚ್ಚಿದರೆ ಮಡಿಕೆ ಮಡಿಕೆಯಾಗಿ ಉದ್ದಕ್ಕೆ ಹೋಗುತ್ತಿತ್ತು, ಇಡೀ ಸಮಾಧಿಯ ನಕ್ಷೆ. ಯಾವ ಕೋಣೆಯಲ್ಲಿ ಯಾವ ಮಡಕೆ ಸಿಕ್ಕಿತು, ಒಡೆದದ್ದೋ ಇಡಿಯದ್ದೋ, ಯಾವ ಗೋಡೆಗೆ ಒರಗಿತ್ತು, ಎಲ್ಲವೂ ಅದರಲ್ಲಿತ್ತು. ನಮ್ಮ ಮನೆಯಲ್ಲಿ ಬದುಕಿರುವವರ ಸಾಮಾನು ಎಲ್ಲಿದೆ ಎಂದು ನಮಗೇ ತಿಳಿಯದಿರುವಾಗ, ಎಂದೋ ಸತ್ತವರ ಮಡಕೆಯ ಚೂರಿಗೂ ಜಾಗ ಗುರುತಿಸಿಟ್ಟ ಆ ಜನರ ಮೇಲೆ ನನಗೆ ಹೇಳಲಾರದಷ್ಟು ಗೌರವ ಹುಟ್ಟಿತು. ಮೇಷ್ಟ್ರು ಪುಟವನ್ನು ತಾವೇ ತಿರುಗಿಸುತ್ತಿದ್ದರು. ನಾವು ಸುತ್ತ ನಿಂತು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಬೇಕು. ಅದು ಕಟ್ಟಪ್ಪಣೆ.

ಆವತ್ತು ಸಮಾಧಿಯ ಗೋಡೆಯನ್ನು ನೋಡಿ ಬರೆದ ಒಂದು ಗೆರೆಚಿತ್ರದಲ್ಲಿ ರಾಜನಿಗೆ ಒಂದು ಕೈ ಇರಲಿಲ್ಲ. ತೋಳು ಮೊಣಕೈವರೆಗೆ ಬಂದು ನಿಂತುಬಿಟ್ಟಿತ್ತು. ಬಾಯಿ ಸುಮ್ಮನಿರದೆ, "ಸಾರ್, ಇಲ್ಲಿ ಕೈ ಬರೆಯೋದು ಮರ್ತಿದಾರೆ" ಎಂದೆ. ಹುಡುಗರೆಲ್ಲ ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ.

"ಮರ್ತಿಲ್ಲಮ್ಮ. ಅಲ್ಲಿ ಗೋಡೆಯ ಗಾರೆ ಉದುರಿಹೋಗಿದೆ. ಕೈ ಹೇಗಿತ್ತು ಅಂತ ಊಹೆ ಮಾಡಿ ಬರೆಯೋದು ಕಷ್ಟವೇನಲ್ಲ. ಆದರೆ ಬರೆಯಲ್ಲ. ಗೊತ್ತಿಲ್ಲದ್ದನ್ನ ಖಾಲಿ ಬಿಡ್ತಾರೆ. ಪಕ್ಕಾ ಆಧಾರ ಸಿಕ್ಕಿದ್ರೆ ಮಾತ್ರ ಚುಕ್ಕೆ ಗೆರೆಯಲ್ಲಿ ತೋರಿಸ್ತಾರೆ."

ಆ ಮಾತು ನನ್ನ ಮನಸ್ಸಿಗೆ ಹೇಗೆ ಅಂಟಿತೆಂದರೆ, ಅದಾದ ಮೇಲೆ ಊರಿನಲ್ಲಿ ಯಾರು ಏನು ಹೇಳಿದರೂ 'ಆಧಾರ ಏನು' ಎಂದು ಕೇಳುವ ಚಾಳಿ ಹಿಡಿಯಿತು. ಇದರಿಂದ ಮನೆಯಲ್ಲಿ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಮೇಷ್ಟ್ರಿಗೆ ಮಾತ್ರ ನನ್ನ ಮೇಲೆ ವಿಶ್ವಾಸ ಬಂತು. ಪಿತೃಪಕ್ಷದಲ್ಲೇ ಶುರುವಾಗುವ ದಸರೆಯ ರಜಕ್ಕೆ ಮೊದಲು, ಯಾರಿಗೂ ಕೊಡದ ಪುಸ್ತಕವೊಂದನ್ನು ಪಂಚೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಸೀಗೆಪುಡಿಯಲ್ಲಿ ಕೈ ತೊಳೆದು ಮುಟ್ಟಬೇಕು. ರಜ ಮುಗಿದ ದಿನ ಹೇಗೆ ಕೊಟ್ಟೆನೋ ಹಾಗೆ ವಾಪಸ್ ಬರಬೇಕು" ಎಂದರು. ಎಪ್ಪತ್ತರ ದಶಕದ ಕೊನೆಯಲ್ಲಿ ಹೊನ್ನವಳ್ಳಿಯ ಬಸ್ಸಿನಲ್ಲಿ, ನಿಲ್ಲಲೂ ಜಾಗವಿಲ್ಲದ ಕಡೆ, ಮಗುವನ್ನು ಎತ್ತಿಕೊಂಡ ಹಾಗೆ ಅದನ್ನು ಎದೆಗೆ ಅವುಚಿಕೊಂಡು ಮನೆಗೆ ಬಂದೆ. ಪಕ್ಕದ ಹೆಂಗಸು ಪಂಚೆಯ ಗಂಟನ್ನು ನೋಡಿ, ಒಳಗೆ ಯಾವ ದೇವರು ಎಂದು ಕೇಳಿದಳು.

ಮನೆಯಲ್ಲಿ ನಾವು ನಾಲ್ವರು. ಅಪ್ಪ, ಅಪ್ಪನನ್ನು ಹೆತ್ತ ಅಜ್ಜಿ, ನಾನು, ಹೈಸ್ಕೂಲಿನಲ್ಲಿ ಓದುತ್ತಿದ್ದ ನನ್ನ ತಂಗಿ. ಅಮ್ಮ ಜ್ವರ ಬಂದು ತೀರಿಕೊಂಡಾಗ ತಂಗಿ ಇನ್ನೂ ತೊಟ್ಟಿಲ ಕೂಸು. ನನಗೆ ನಾಲ್ಕೋ ಐದೋ. ಅಮ್ಮನದು ಒಂದು ಪಟವೂ ಇರಲಿಲ್ಲ. ಇಲ್ಲವೆಂದರೆ ಪೂರ್ತಿ ಇಲ್ಲವೆಂದೂ ಅಲ್ಲ. ನಂಟರ ಮದುವೆಯೊಂದರಲ್ಲಿ ತೆಗೆದ ಗುಂಪಿನ ಪಟ ಇತ್ತು. ಅದರಲ್ಲಿ ಅಮ್ಮನ ಮುಖದ ಮುಂದೆ ಸರಿಯಾಗಿ ದೊಡ್ಡಪ್ಪನ ರುಮಾಲು. ಪಕ್ಕದಲ್ಲಿ ಒಂದು ಕೈ ಕಾಣುತ್ತಿತ್ತು, ತುಂಬ ಗಾಜಿನ ಬಳೆ. ಅದು ಅಮ್ಮನ ಕೈ ಎಂದು ಅಜ್ಜಿ ತೋರಿಸುತ್ತಿದ್ದಳು. ತಂಗಿಗೆ ಅಮ್ಮ ಅಂದರೆ ಆ ಕೈ ಅಷ್ಟೇ. ರುಮಾಲು ಸುತ್ತಿದ ಯಾರನ್ನು ಕಂಡರೂ ಅವಳಿಗೆ ಆಗುತ್ತಿರಲಿಲ್ಲ. ಪಾಪ, ದೊಡ್ಡಪ್ಪನಿಗೆ ಕೊನೆಯವರೆಗೂ ಅದರ ಕಾರಣ ತಿಳಿಯಲಿಲ್ಲ.

ಅಮ್ಮ ಹೇಗಿದ್ದಳು ಎಂದು ತಂಗಿ ಕೇಳದ ಮನೆಯಿಲ್ಲ. ಒಬ್ಬರು ಬೆಳ್ಳಗಿದ್ದಳು ಅನ್ನುವರು, ಇನ್ನೊಬ್ಬರು ಎಣ್ಣೆಗೆಂಪು ಅನ್ನುವರು. ಲಕ್ಷಣವಾಗಿದ್ದಳು, ದೇವರಂಥವಳು ಎಂದು ಎಲ್ಲರೂ ಅನ್ನುವರು. ಆ ದೇವರಂಥವಳ ಮೂಗು ಹೇಗಿತ್ತು ಎಂದರೆ ಒಬ್ಬರ ಬಾಯಲ್ಲೂ ಉತ್ತರವಿಲ್ಲ. ನನ್ನನ್ನು ಕೇಳಿದರೆ ನಾನು ಸಿಡುಕುತ್ತಿದ್ದೆ. ನನಗೂ ನೆನಪಿರಲಿಲ್ಲ. ಅಮ್ಮನ ಸೀರೆಯ ವಾಸನೆ ನೆನಪಿತ್ತು, ಮುಖವಿರಲಿಲ್ಲ. ಅದನ್ನು ಹೇಳಲು ನಾಚಿಕೆ, ಸಂಕಟ. ಇನ್ನು ಅಪ್ಪನನ್ನು ಯಾರೂ ಕೇಳುತ್ತಿರಲಿಲ್ಲ. ಅಮ್ಮನ ಸುದ್ದಿ ಎತ್ತಿದರೆ ಆತ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದ.

ಪುಸ್ತಕ ಮನೆಗೆ ಬಂದಾಗ ಕೊಬ್ಬರಿ ಸುಲಿಯುವ ಕೆಲಸ ನಡೆದಿತ್ತು. ಇಡೀ ವರ್ಷ ಅಟ್ಟದ ಮೇಲೆ ಹೊಗೆ ಕುಡಿದ ಕಾಯಿಗಳು ಕೆಳಗೆ ಬಂದಿದ್ದವು. ಅಜ್ಜಿ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗಡಗಡ ಎಂದರೆ ಮಾತ್ರ ಒಡೆಯುತ್ತಿದ್ದಳು. ಚಿಪ್ಪು ಬಿಟ್ಟುಕೊಂಡು ಇಡೀ ಉಂಡೆ ಹೊರಗೆ ಬೀಳುತ್ತಿತ್ತು. ನಾನು ದೂರದಲ್ಲಿ ಚಾಪೆ ಹಾಸಿ, ಸೀಗೆಪುಡಿಯಲ್ಲಿ ಕೈ ತೊಳೆದು, ಪುಟ ತೆರೆದು, ಚಿತ್ರದ ಕೆಳಗಿನ ಇಂಗ್ಲಿಷನ್ನು ಕನ್ನಡ ಮಾಡಿ ಹೇಳುತ್ತಿದ್ದೆ. ತಂಗಿ ನನ್ನ ಭುಜಕ್ಕೆ ಗಲ್ಲ ಊರಿ ಕೂರುತ್ತಿದ್ದಳು.

ಹೆಣವನ್ನು ಉಪ್ಪಿನಲ್ಲಿ ಒಣಗಿಸಿ ಬಟ್ಟೆ ಸುತ್ತುತ್ತಿದ್ದರು ಎಂದು ಹೇಳಿದಾಗ ಅಜ್ಜಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. "ನೀರು ಹೋದ್ರೆ ಯಾವ್ದೂ ಕೆಡಾಕಿಲ್ಲ ಕಣೇ" ಎಂದು ಇನ್ನೊಂದು ಕಾಯಿ ಅಲ್ಲಾಡಿಸಿದಳು. ಆದರೆ ಒಂದು ಸಮಾಧಿಯ ಗೋಡೆಯ ಚಿತ್ರ ನೋಡಿ ಕೆಲಸ ನಿಲ್ಲಿಸಿದಳು. ಗಂಡ ಹೆಂಡತಿ ಒಟ್ಟಿಗೆ ಕೂತಿದ್ದಾರೆ. ಮುಂದಿನ ಮೇಜಿನ ಮೇಲೆ ರೊಟ್ಟಿ, ಹಣ್ಣು, ಈರುಳ್ಳಿಯ ಕಟ್ಟು, ಬಾತುಕೋಳಿ.

"ಇವ್ರು ಸತ್ತೋರೇನೇ?"

"ಹೂಂ ಅಜ್ಜಿ. ಮಕ್ಕಳು ಅವರಿಗೆ ಊಟ ತಂದಿಟ್ಟಿರೋದು."

"ಎಡೆ ಇಟ್ಟವ್ರೆ ಅನ್ನು! ಆ ಕೋಳಿ ಒಂದ್ ಬುಟ್ರೆ ಎಲ್ಲಾ ನಮ್ಮಂಗೇ. ನಿಮ್ ಮೇಷ್ಟ್ರು ಒಳ್ಳೆ ಪುಸ್ತಕಾನೇ ಕೊಟ್ಟವ್ರೆ ಬುಡು."

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಸತ್ತ ಹಿರಿಯರ ಪಟಗಳನ್ನು ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದ ಅಡಿಗೆಯನ್ನೆಲ್ಲ ಬಾಳೆಯೆಲೆಯಲ್ಲಿ ಬಡಿಸುತ್ತಾರೆ. ಅದೇ ಎಡೆ. ಆಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರಬೇಕು, ಹಿರಿಯರು ಬಂದು ನೆಮ್ಮದಿಯಾಗಿ ಉಣ್ಣಲಿ ಎಂದು. ಅಮ್ಮನಿಗೆ ಪಟವಿಲ್ಲದ್ದರಿಂದ ಒಂದು ಚೊಂಬಿನ ಮುಂದೆ ಸೀರೆ ಮಡಿಸಿ ಇಡುತ್ತಿದ್ದೆವು. ಆ ಚೊಂಬನ್ನು ನೋಡುವಾಗ ತಂಗಿಯ ಮುಖ ಏನಾಗುತ್ತಿತ್ತು ಎಂಬುದು ನಮಗೆಲ್ಲ ಗೊತ್ತಿತ್ತು. ನಾವೆಲ್ಲ ಬೇರೆ ಕಡೆ ನೋಡುತ್ತಿದ್ದೆವು.

ಪುಸ್ತಕದ ಕೊನೆಯ ಭಾಗಕ್ಕೆ ಬಂದೆವು. ಈಜಿಪ್ಟು ರೋಮಿನವರ ಕೈಗೆ ಹೋದ ಕಾಲ. ಆಗ ಸತ್ತವರ ಮುಖವನ್ನು ಮರದ ಹಲಗೆಯ ಮೇಲೆ ಮೇಣದ ಬಣ್ಣದಲ್ಲಿ ಬರೆದು, ಬಟ್ಟೆ ಸುತ್ತಿದ ದೇಹದ ಮುಖದ ಜಾಗದಲ್ಲಿ ಸೇರಿಸುತ್ತಿದ್ದರಂತೆ. ಅಲ್ಲಿಯವರೆಗೆ ಪಕ್ಕದಿಂದ ನೋಡಿದ ಮುಖಗಳನ್ನೇ ಕಂಡಿದ್ದ ನಮಗೆ, ಮುಸುಕಿನ ಕಾಗದ ಎತ್ತಿದ ಕೂಡಲೇ ಎದುರಿಗೆ ಒಬ್ಬಳು ಹೆಂಗಸು ಕೂತು ನೋಡಿದ ಹಾಗಾಯಿತು. ಎಣ್ಣೆಗೆಂಪು ಬಣ್ಣ. ಹಣೆಯ ಮೇಲೆ ಗುಂಗುರು ಕೂದಲು, ಕಿವಿಯಲ್ಲಿ ಮುತ್ತಿನ ಓಲೆ. ದೊಡ್ಡ ಕಣ್ಣು, ಈಗಷ್ಟೇ ಅತ್ತು ಒರೆಸಿಕೊಂಡ ಹಾಗೆ. ಬರೆದವನು ಯಾರೋ ಮಹರಾಯ, ಅವಳ ಕಣ್ಣಿನ ಅಂಚಿನ ಹೊಳಪನ್ನೂ ಬಿಟ್ಟಿರಲಿಲ್ಲ. ಅದನ್ನು ಅಷ್ಟೇ ನಿಷ್ಠೆಯಿಂದ ಅಚ್ಚು ಹಾಕಿದವರೂ ಮಹರಾಯರೇ.

ಅಜ್ಜಿ ಎದ್ದು ಬಂದು ಬಗ್ಗಿದಳು. ಕೈಯಲ್ಲಿದ್ದ ಕಾಯಿ ಉರುಳಿ ಹೋಯಿತು.

"ಅಯ್ಯೋ ಶಿವ್ನೇ. ನನ್ ಸೊಸೆ."

"ಅಜ್ಜೀ, ಇವಳು ಈಜಿಪ್ಟಿನೋಳು. ಸತ್ತು ಎಷ್ಟೋ ನೂರು ವರ್ಷ ಆಯ್ತು."

"ಆಗ್ಲಿ. ಅಲ್ ಸತ್ತು ಇಲ್ ಹುಟ್ಟಿದ್ಲು. ಆಗ್ಬಾರ್ದಾ? ಏನಂತೆ ಹೆಸ್ರು?"

ಓದಿದೆ. ಹೆಂಗಸು, ಹೆಸರು ತಿಳಿಯದು ಎಂದಿತ್ತು.

"ನೋಡು ಮತ್ತೆ. ಅವಳ್ಗೆ ಹೆಸರಿಲ್ಲ, ನಮ್ಮವಳ್ಗೆ ಪಟ ಇಲ್ಲ. ಸರ್ಯೋಯ್ತು ಬುಡು."

ನನಗೆ ಸಿಟ್ಟು ನೆತ್ತಿಗೇರಿತು. ಆಧಾರ ಏನು ಅಜ್ಜಿ, ಹೋಲಿಕೆ ಇದ್ದರೆ ಅವಳೇ ಆಗಿಬಿಡುತ್ತಾಳಾ ಎಂದು ಕೂಗಾಡಿದೆ. ಗೋಡೆ ಉದುರಿದ ಕಡೆ ಯಾರದೋ ಕೈ ತಂದು ಅಂಟಿಸಿದ ಹಾಗೆ ಕಂಡಿತು ನನಗೆ. ಆದರೆ ತಂಗಿ ನಮ್ಮಿಬ್ಬರ ಜಗಳವನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಅವಳು ಆ ಹೆಂಗಸನ್ನು ನೋಡುತ್ತಿದ್ದಳು. ಆವತ್ತಿನಿಂದ ದಿನಾ ಬೆಳಗ್ಗೆ ಎದ್ದವಳೇ ಸೀಗೆಪುಡಿಯಲ್ಲಿ ಕೈ ತೊಳೆದು, ಆ ಪುಟ ತೆರೆದು ಕೂರತೊಡಗಿದಳು. ಕೂದಲನ್ನು ಹಣೆಯ ಮೇಲೆ ಹಾಗೇ ಬಿಟ್ಟುಕೊಂಡು ಕನ್ನಡಿ ನೋಡಿದಳು. ನನಗೆ ಭಯವಾಯಿತು. ಪುಸ್ತಕ ವಾಪಸ್ ಹೋದ ಮೇಲೂ ಯಾರೋ ಪರಕೀಯಳ ಮುಖ ಇವಳೊಳಗೆ ಅಮ್ಮನಾಗಿ ಉಳಿದುಬಿಡುತ್ತದಲ್ಲ ಎಂದು.

"ಅದು ಅಮ್ಮ ಅಲ್ಲ ಕಣೇ" ಎಂದೆ ಒಂದು ದಿನ, ಮೆತ್ತಗೆ.

"ನೀನು ನೋಡಿದೀಯ, ಅದ್ಕೇ ನಿಂಗೆ ಬೇಡ. ನಂಗೆ ಒಂದ್ ಮುಖ ಬೇಕು ಅಕ್ಕ" ಎಂದಳು. ನೋಡಿದ್ದೂ ನೆನಪಿಲ್ಲದ ನಾನು ಎದ್ದು ಅಡಿಗೆಮನೆಗೆ ಹೋದೆ. ಅಪ್ಪ ತೋಟಕ್ಕೆ ಹೋಗುವುದು ಯಾಕೆಂದು ಆಗ ಸ್ವಲ್ಪ ಅರ್ಥವಾಯಿತು.

ಅಮಾವಾಸ್ಯೆಯ ದಿನ ನಾನು ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದೆ. ಎಲೆಗೆ ಬಡಿಸಲು ಪಾತ್ರೆ ಹಿಡಿದು ನಡುಮನೆಗೆ ಬಂದರೆ ನನ್ನ ಜೀವ ಬಾಯಿಗೆ ಬಂತು. ಗೋಡೆಗೆ ಸಾಲಾಗಿ ಒರಗಿಸಿದ ತಾತನ ಪಟ, ಮುತ್ತಾತನ ಪಟ, ಪಕ್ಕದಲ್ಲಿ ಮಣೆಯ ಮೇಲೆ ಮೇಷ್ಟ್ರ ಪುಸ್ತಕ, ತೆರೆದುಕೊಂಡು. ಈಜಿಪ್ಟಿನ ಹೆಂಗಸಿನ ಹಣೆಗೆ ಒದ್ದೆ ವಿಭೂತಿಯ ಮೂರು ಬೆರಳಿನ ಪಟ್ಟೆ, ನಡುವೆ ಕಾಸಗಲ ಕುಂಕುಮ. ಪುಸ್ತಕದ ನೆತ್ತಿಯ ಮೇಲೆ ಸೇವಂತಿಗೆ. ಮುಂದೆ ಅಮ್ಮನಿಗೆಂದು ತಂದ ಹೊಸ ಸೀರೆ.

"ಅಜ್ಜೀ! ಮೇಷ್ಟ್ರ ಪುಸ್ತಕ!"

"ಯಾಕೆ, ನಿಮ್ ಮೇಷ್ಟ್ರಿಗೆ ತಾಯಿ ಇರ್ಲಿಲ್ವಾ?" ಎಂದಳು ಅಜ್ಜಿ, ಎಲೆಯ ತುದಿ ಸರಿಮಾಡುತ್ತ.

ಕುಂಕುಮ ಒರೆಸಿದರೆ ಇನ್ನಷ್ಟು ಹರಡುತ್ತದೆ. ಎಡೆಯ ಮುಂದೆ ಜಗಳವಾಡುವ ಹಾಗಿಲ್ಲ. ಬಡಿಸಿದೆವು. ಬಾಗಿಲು ಮುಂದೆ ಮಾಡಿ ಜಗುಲಿಯ ಮೇಲೆ ಕೂತೆವು. ಅಪ್ಪ ತೋಟದಿಂದ ಬಂದು ಬಚ್ಚಲಿನಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ನಮ್ಮ ಜೊತೆ ಬಂದು ಕೂತ. ಆತನಿಗೆ ಪುಸ್ತಕದ ವಿಷಯ ಗೊತ್ತಿರಲಿಲ್ಲ. ಹೇಳುವ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ವಾಡಿಕೆಯಂತೆ, ಕರ್ಪೂರ ಬೆಳಗಲು ಅಪ್ಪನೇ ಬಾಗಿಲು ತೆಗೆದು ಮೊದಲು ಒಳಗೆ ಹೋದ. ನಾವು ಹಿಂದೆ ಹೋದೆವು.

ಅಪ್ಪ ತಾತನ ಪಟದ ಮುಂದೆ ಕೈಮುಗಿದ. ಪಕ್ಕಕ್ಕೆ ತಿರುಗಿದವನು ಹಾಗೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಕರ್ಪೂರದ ತಟ್ಟೆ ಕೆಳಗಿಟ್ಟ.

"ಯಾರವ್ವ ಇದು?"

ಎಂದೂ ಮಾತಿಗೆ ತಡವರಿಸದ ಅಜ್ಜಿ ಆಗ ದೀಪದ ಬತ್ತಿ ಸರಿಮಾಡತೊಡಗಿದಳು. ತಂಗಿಯೇ ಮುಂದೆ ಬಂದಳು. "ಅಮ್ಮ ಹಿಂಗೇ ಇತ್ತಂತೆ. ಹೌದಾ ಅಪ್ಪಾ?"

ನಮ್ಮ ಮನೆಯಲ್ಲಿ ಆ ಪ್ರಶ್ನೆಯನ್ನು ಅಪ್ಪನ ಎದುರಿಗೆ ಯಾರೂ ಹೀಗೆ ಕೇಳಿರಲಿಲ್ಲ. ಈಗ ಎದ್ದು ತೋಟಕ್ಕೆ ಹೋಗುತ್ತಾನೆ ಎಂದುಕೊಂಡೆ. ಅಪ್ಪ ಏಳಲಿಲ್ಲ. ಬಗ್ಗಿ ನೋಡುತ್ತಲೇ ಇದ್ದ.

"ಅಲ್ಲ" ಎಂದ. ತಂಗಿಯ ಮುಖ ಬಾಡಿತು. "ಕಣ್ಣು ಮಾತ್ರ ಹಿಂಗೇ. ಹಿಂಗೇ ಇದ್ವು ಕಣ್ಣು." ಬೆರಳನ್ನು ಪುಟದ ಮೇಲೆ, ಮುಟ್ಟದೆ, ಗಾಳಿಯಲ್ಲೇ ಆಡಿಸಿದ. ಮೇಷ್ಟ್ರ ಕಟ್ಟಪ್ಪಣೆ ಆತನಿಗೆ ಯಾರೂ ಹೇಳಿರಲಿಲ್ಲ. "ಹುಬ್ಬು ಇಷ್ಟು ದಪ್ಪ ಇರ್ಲಿಲ್ಲ. ಮೂಗು ಗಿಡ್ಡ, ಇಷ್ಟುದ್ದ ಇಲ್ಲ. ಬೈತಲೆ ಅಂತೂ ಎಷ್ಟು ಬಾಚಿದ್ರೂ ಓರೆನೇ ಬರ್ತಿತ್ತು, ಅದ್ಕೇ ದಿನಾ ಬೈಕೋತಿದ್ಲು. ಕಿವಿ ಹಿಂಗೆ ಕಾಣ್ತಿರ್ಲಿಲ್ಲ, ಕೂದ್ಲು ಬಂದು ಮುಚ್ಕೋತಿತ್ತು." ಉಸಿರೆಳೆದುಕೊಂಡ. "ಇನ್ ಈ ಗಲ್ಲ, ಅಲ್ವೇ ಅಲ್ಲ. ಇದು ಗುಂಡಗೈತೆ. ಅವಳ್ದು ಚೂಪು."

ಹಾಗೆಂದು ತಲೆ ಎತ್ತಿ ತಂಗಿಯನ್ನು ನೋಡಿದ. ಅದೇ ಬೆರಳಿನಿಂದ ಅವಳ ಗಲ್ಲ ಹಿಡಿದ.

"ಇದೇ. ಇದೇ ಗಲ್ಲ ಕಣವ್ವ."

ತಂಗಿ ಅಪ್ಪನ ಹೆಗಲಿಗೆ ಬಿದ್ದು ಅತ್ತಳು. ನಾನೂ ಅತ್ತೆ. ಆ ಹದಿಹರೆಯದ ಹುಡುಗಿ ಅಷ್ಟು ದಿನ ಊರೂರು ಕೇಳಿಕೊಂಡು ತಿರುಗಿದ್ದು ತನ್ನ ಮುಖದಲ್ಲೇ ಇತ್ತು. ಅಜ್ಜಿ ಸೆರಗಿನಿಂದ ಮೂಗೊರೆಸಿಕೊಂಡು, "ನಂಗೂ ಗಲ್ಲ ನೋಡಿ ಅನುಮಾನ ಬಂತು ಕಣಪ್ಪ" ಎಂದಳು. ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ಅಜ್ಜಿಯನ್ನು ಮೀರಿಸುವವರಿಲ್ಲ. ಆ ಮಧ್ಯಾಹ್ನ ಊಟದ ಎಲೆಯ ಮುಂದೆ ಕೂತು ಅಪ್ಪ ಅಮ್ಮನ ಬಗ್ಗೆ ಮಾತಾಡಿದ. ಹೋಳಿಗೆ ಆರಿಹೋಯಿತು, ಆತನ ಮಾತು ನಿಲ್ಲಲಿಲ್ಲ. ತಂಗಿ ಆಗಾಗ ತನ್ನ ಗಲ್ಲವನ್ನು ಮುಟ್ಟಿಕೊಳ್ಳುತ್ತಿದ್ದಳು.

ರಜ ಮುಗಿಯಿತು. ಪುಸ್ತಕವನ್ನು ಪಂಚೆಯಲ್ಲಿ ಸುತ್ತಿಕೊಂಡು ತಿಪಟೂರಿನ ಬಸ್ಸು ಹತ್ತಿದೆ. ತಂಗಿ ಅದನ್ನು ತಾನೇ ಸುತ್ತಿ ಕೊಟ್ಟಳು, ಇನ್ನೊಂದು ಸಲ ತೆರೆದು ನೋಡಬೇಕು ಅನ್ನಲಿಲ್ಲ. ದಾರಿಯುದ್ದಕ್ಕೂ ಮೇಷ್ಟ್ರಿಗೆ ಏನು ಹೇಳಬೇಕೆಂದು ಮಾತು ಜೋಡಿಸುತ್ತ ಬಂದೆ. ಅವರ ಮನೆಯ ಮೇಜಿನ ಮೇಲೆ ಪುಸ್ತಕ ಬಿಚ್ಚಿ, ನಾನೇ ಆ ಪುಟ ತೆರೆದು, ತೆಳು ಕಾಗದ ಎತ್ತಿದೆ. ವಿಭೂತಿ ಒಣಗಿ ಬಿರಿದಿತ್ತು. ಕುಂಕುಮ ಮುಸುಕಿನ ಕಾಗದಕ್ಕೂ ಇಳಿದಿತ್ತು. ಜೋಡಿಸಿಕೊಂಡ ಮಾತೆಲ್ಲ ಮರೆತು, ನಡೆದದ್ದನ್ನು ನಡೆದ ಹಾಗೆ ಹೇಳಿಬಿಟ್ಟೆ. ರುಮಾಲು, ಚೊಂಬು, ಅಜ್ಜಿ, ಅಪ್ಪ, ಎಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಹಾಕಿಕೊಂಡು ಮತ್ತೆ ನೋಡಿದರು.

"ಒರೆಸಕ್ಕೆ ಹೋದ್ಯಾ?"

"ಇಲ್ಲ ಸಾರ್. ಭಯ ಆಯ್ತು."

"ಒಳ್ಳೇದಾಯ್ತು, ಬಿಡು" ಎಂದರು. ಅವರ ದನಿ ನಾನು ತರಗತಿಯಲ್ಲಿ ಕೇಳಿದ್ದ ದನಿಯಾಗಿರಲಿಲ್ಲ. "ಈ ಹೆಂಗಸನ್ನ ಮರಳಿನಿಂದ ಹೊರಗೆ ತೆಗೆದ ಮೇಲೆ ಎಷ್ಟೋ ಜನ ದೊಡ್ಡೋರು ಅಳತೆ ಮಾಡಿದ್ರು, ಬಣ್ಣ ಪರೀಕ್ಷೆ ಮಾಡಿದ್ರು, ಕಾಲ ನಿರ್ಣಯ ಮಾಡಿದ್ರು. ಅವರಿಲ್ಲದಿದ್ರೆ ಇವಳು ನಮಗೆ ಸಿಗ್ತಾನೇ ಇರ್ಲಿಲ್ಲ. ನನ್ನಂಥೋರು ಕೈ ಕಟ್ಕೊಂಡು ನೋಡಿದ್ವಿ. ಊಟಕ್ಕೆ ಕರೆದೋರು ಮಾತ್ರ ನಿಮ್ಮಜ್ಜಿ ಒಬ್ಬರೇ."

ಮುಸುಕಿನ ಕಾಗದವನ್ನು ಅವರು ಕುಂಕುಮದ ಮೇಲೇ ಮೆಲ್ಲಗೆ ಮುಚ್ಚಿದರು. ಮುಚ್ಚುವ ಮೊದಲು ಒಂದು ಗಳಿಗೆ ತಡೆದು ಕೇಳಿದರು.

"ನಿಜವಾಗ್ಲೂ ಹೋಲ್ತಾಳೇನಮ್ಮ, ನಿಮ್ಮ ತಾಯೀನ?"

"ಕಣ್ಣು ಮಾತ್ರ ಸಾರ್" ಎಂದೆ. "ಹುಬ್ಬು ಇಷ್ಟು ದಪ್ಪ ಇರ್ಲಿಲ್ಲ. ಮೂಗು ಗಿಡ್ಡ. ಬೈತಲೆ ಓರೆ. ಗಲ್ಲ ನನ್ನ ತಂಗೀದು."

ಅಮ್ಮನ ಮುಖ ಹೇಗಿತ್ತು ಎಂದು ಕೇಳಿದವರಿಗೆ ನಾನು ಸಿಡುಕದೆ ಉತ್ತರ ಕೊಟ್ಟದ್ದು ಅದೇ ಮೊದಲು.